ಕಾವೇರಿಯ ಪಾಲುಪಟ್ಟಿ

ಅಣ್ತಮ್ಮಂದಿರು ಬ್ಯಾರೆ ಆಗುವಾಗ ನಮ್ ಮಂಡ್ಯ ಕಡೆ ಹೊಲ ಗದ್ದೇನ ಅಳೆದು ಹಂಚ್ಬುಡ್ತಾರೆ. ಬಾವಿ ವಿಷ್ಯ ಬಂದಾಗ ಮಾತು ನಿಂತೋಯ್ತದೆ. ಬಾವೀನ ಸೀಳಕ್ಕಾಯ್ತದಾ? ಅದಕ್ಕೇ ಪಾಲುಪಟ್ಟೀಲಿ ಸರದಿ ಬರೀತಾರೆ. ಕಾವೇರಿ ಅಂದ್ರೆ ನಾವು ಕರ್ನಾಟಕ, ತಮಿಳುನಾಡು ಅಂತ ಎರಡೇ ಪಾಲು ನೋಡ್ತೀವಿ. ನಮ್ ಮನೆ ಒಳಗೇ ಯಾರ್ಯಾರು ಯಾವಾಗ ಪಾಲಿಗೆ ಬಂದ್ರು ಅನ್ನೋದೂ ಒಂದು ಚರಿತ್ರೆ.

ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ ಅರಸರ ಕಾಲದವು. ಅಂದ್ರೆ ರೈತನೇ ಹಳೇ ಪಾಲುದಾರ. ಹೊಸ ಕಾಲದಲ್ಲಿ ಮೊದಲು ಬಂದದ್ದು ಮಾತ್ರ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಕೋಲಾರದ ಗಣಿಗೆ ಹೋಯ್ತು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಚಕ್ರ ತಿರುಗಿಸಿದ ನೀರು ಮತ್ತೆ ಹೊಳೆಗೇ ಬೀಳ್ತದೆ, ಅದರಿಂದ ಯಾರಿಗೂ ನಷ್ಟ ಇಲ್ಲ. ಆದ್ರೆ ಬೇಸಗೇಲಿ ಹೊಳೆ ಸೊರಗಿದ್ರೆ ಗಣಿಗೆ ಕರೆಂಟು ಸಾಲ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಕ್ಕೆ ಇದೂ ಒಂದು ದೊಡ್ಡ ಕಾರಣ.

ಕಟ್ಟೆ ನೀರು ಹುಲಿಕೆರೆ ಸುರಂಗ ದಾಟಿ ಇರ್ವಿನ್ ನಾಲೇಲಿ ಬಂತು. ಅದನ್ನೇ ಈಗ ವಿಶ್ವೇಶ್ವರಯ್ಯ ನಾಲೆ ಅಂತೀವಿ. ರಾಗಿ ಹೊಲ ಭತ್ತದ ಗದ್ದೆ ಆಯ್ತು, ಕಬ್ಬು ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿತು. ಆದ್ರೆ ಬೆಳೆ ಕುಡಿದ ನೀರು ಚಕ್ರದ ನೀರಿನಂಗಲ್ಲ. ಬಸಿದು ಹಳ್ಳ ಸೇರೋದು ಒಂದಿಷ್ಟು, ಮಿಕ್ಕಿದ್ದು ಬೆಳೆಗೂ ಬಿಸಿಲಿಗೂ ಹೋಯ್ತದೆ.

ಬೆಂಗಳೂರು ಆಗ ಅರ್ಕಾವತಿ ನಂಬ್ಕೊಂಡಿತ್ತು. ಮೊದಲು ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಅರ್ಕಾವತಿಯೂ ಕಾವೇರಿ ಮಗಳೇ. ಊರು ಬೆಳೆದಂಗೆ ಮಗಳ ನೀರು ಸಾಲದೆ, 1974ರಲ್ಲಿ ತಾಯಿ ನೀರನ್ನೇ ನಮ್ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಎತ್ತಿದ್ರು. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಏರು. ಒಂದು ಹಂತ ಅಂದದ್ದು 2024ಕ್ಕೆ ಐದನೇ ಹಂತ ಆಯ್ತು.

ಬೆಂಗಳೂರು ಕೂತಿರೋದು ದಿಬ್ಬದ ಮೇಲೆ. ಒಂದು ಮಗ್ಗುಲಿನ ನೀರು ವೃಷಭಾವತಿ ಹಿಡಿದು ಕಾವೇರಿ ಕಡೆ ಇಳೀತದೆ, ಇನ್ನೊಂದು ಮಗ್ಗುಲಿನದು ದಕ್ಷಿಣ ಪಿನಾಕಿನಿ ಕಡೆ. ಊರಿನ ಮೂರರಲ್ಲಿ ಒಂದು ಭಾಗ ಮಾತ್ರ ಕಾವೇರಿ ಕಣಿವೇಲಿ ಅದೆ ಅಂತ 2007ರ ತೀರ್ಪಲ್ಲಿ ನ್ಯಾಯಾಧಿಕರಣ ಅಷ್ಟಕ್ಕೇ ಲೆಕ್ಕ ಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಪದೆ, ಇಡೀ ಊರಿಗೆ ಅಂತ 4.75 ಟಿಎಂಸಿ ಹೆಚ್ಚಿಗೆ ಕೊಡ್ತು. ಅದೇ ವರ್ಷ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡಕ್ಕೆ ಶುರು ಮಾಡಿದ್ರು. ಕಾವೇರಿ ಕರೆಂಟು ಮೊದಲು ಕಂಡ ಕೋಲಾರಕ್ಕೆ ಈಗ ಬಂದದ್ದು ಬೆಂಗಳೂರು ಬಳಸಿ ಬಿಟ್ಟ ನೀರು.

ಆ ಕಡೆ ಹೋದ ನೀರು ನಮ್ ಗದ್ದೆಗೆ ಬರಲ್ಲ. ವೃಷಭಾವತಿ ಹಿಡಿದದ್ದೂ ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಬೀಳ್ತದೆ. ಅಷ್ಟೊತ್ತಿಗೆ ಮಂಡ್ಯದ ನಾಲೆಗಳೆಲ್ಲ ಹಿಂದೆ ಉಳೀತವೆ. ಬರದ ವರ್ಷ ಕುಡಿಯೋ ನೀರಿಗೆ ಮೊದಲ ಸರದಿ ಅಂತಾರೆ, ನಾಲೆ ತೂಬು ಮುಚ್ತಾರೆ. ಬಾಯಾರಿದವರಿಗೆ ನೀರಿಲ್ಲ ಅನ್ನೋ ಮಕ್ಕಳು ನಾವಲ್ಲ. ಆದ್ರೆ ಕುಡಿಯಕ್ಕೆ ಅಂತ ಹೋದ ನೀರಲ್ಲಿ ಕಾರು ತೊಳೆಯೋದೆಷ್ಟು, ಅದನ್ನೂ ಪಾಲುಪಟ್ಟೀಲಿ ಬರೀಬೇಕಲ್ವಾ?