ಜನರಲ್ ಮೋಟರ್ಸ್‌ನ ಖಜಾನೆ ವಿಭಾಗ

ಅಮೆರಿಕದ ವಾಹನ ತಯಾರಿಕಾ ಕಂಪನಿ ಜನರಲ್ ಮೋಟರ್ಸ್‌ನ ನಗದು, ಸಾಲ, ಬ್ಯಾಂಕ್ ವ್ಯವಹಾರ ಮತ್ತು ವಿದೇಶಿ ವಿನಿಮಯವನ್ನು ನೋಡಿಕೊಳ್ಳುವ ವಿಭಾಗ. ಕಂಪನಿಯ ಕೇಂದ್ರ ಡೆಟ್ರಾಯಿಟ್‌ನಲ್ಲಿದ್ದರೂ ಈ ವಿಭಾಗ ಬಹುಕಾಲ ಕೆಲಸ ಮಾಡಿದ್ದು ನ್ಯೂಯಾರ್ಕ್‌ನಲ್ಲಿ. ಇಲ್ಲಿ ಪಳಗಿದ ಹಲವರು ಕಂಪನಿಯ ಚುಕ್ಕಾಣಿ ಹಿಡಿದದ್ದರಿಂದ, ಕಾರ್ಪೊರೇಟ್ ಖಜಾನೆ ವೃತ್ತಿಯ ಇತಿಹಾಸದಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಆರಂಭ

1920ರ ಆರ್ಥಿಕ ಕುಸಿತದಲ್ಲಿ ಕಂಪನಿ ನಗದಿಗಾಗಿ ಪರದಾಡಿತು. ಸ್ಥಾಪಕ ವಿಲಿಯಂ ಡ್ಯುರಾಂಟ್ ಹೊರನಡೆದರು. ಪಿಯರ್ ಡುಪಾಂಟ್ ಅಧ್ಯಕ್ಷರಾದರು. ಡುಪಾಂಟ್ ಕಂಪನಿಯ ಖಜಾಂಚಿಯಾಗಿದ್ದ ಡೊನಾಲ್ಡ್‌ಸನ್ ಬ್ರೌನ್ 1921ರಲ್ಲಿ ಇಲ್ಲಿನ ಹಣಕಾಸಿನ ಹೊಣೆ ಹೊತ್ತರು.

ಅಲ್ಲಿಯವರೆಗೆ ಪ್ರತಿ ಘಟಕವೂ ತನ್ನ ಹಣವನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಒಂದು ಘಟಕಕ್ಕೆ ಹಣ ಬೇಕಾದಾಗ ಖಜಾಂಚಿ ಮೇಯರ್ ಪ್ರೆಂಟಿಸ್ ಇನ್ನೊಂದು ಘಟಕದವರ ಮನವೊಲಿಸಬೇಕಿತ್ತು. ಕೈತುಂಬ ನಗದಿದ್ದ ಬ್ಯೂಕ್ ಘಟಕ ಸುಲಭವಾಗಿ ಗಂಟು ಬಿಚ್ಚುತ್ತಿರಲಿಲ್ಲವೆಂದು ಮುಂದೆ ಕಂಪನಿಯ ಮುಖ್ಯಸ್ಥರಾದ ಆಲ್ಫ್ರೆಡ್ ಸ್ಲೋನ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. 1922ರಲ್ಲಿ ಈ ಪದ್ಧತಿ ಕೊನೆಗೊಂಡಿತು. ಸುಮಾರು 100 ಬ್ಯಾಂಕುಗಳಲ್ಲಿ ಕಂಪನಿಯ ಹೆಸರಿನಲ್ಲೇ ಖಾತೆ ತೆರೆದು, ಪ್ರತಿ ಖಾತೆಗೂ ಕನಿಷ್ಠ ಹಾಗೂ ಗರಿಷ್ಠ ಮಿತಿ ಗೊತ್ತುಮಾಡಲಾಯಿತು. ಗರಿಷ್ಠ ಮಿತಿ ದಾಟಿದ ಹಣ ತಂತಿ ಮೂಲಕ ಮೀಸಲು ಖಾತೆಗೆ ವರ್ಗವಾಗುತ್ತಿತ್ತು. ಎಲ್ಲ ಘಟಕಗಳ ಹಣದ ಒಳಹರಿವು, ಹೊರಹರಿವು ಒಂದೇ ಕಡೆ ಕಾಣತೊಡಗಿದ್ದು ಹೀಗೆ. ಖಜಾನೆ ಅಧಿಕಾರಿಗಳ ಮಾತಿಗೆ ತೂಕ ಬಂದದ್ದೂ ಇದರಿಂದಲೇ.

ಬಡ್ತಿಯ ಹಾದಿ

1926ರಲ್ಲಿ ಹಣಕಾಸು ವಿಭಾಗ ಸೇರಿದ ಫ್ರೆಡರಿಕ್ ಡಾನರ್ 1958ರಲ್ಲಿ ಮಂಡಳಿಯ ಅಧ್ಯಕ್ಷರಾದರು. ಗುಮಾಸ್ತರಾಗಿ ಸೇರಿದ್ದ ಥಾಮಸ್ ಮರ್ಫಿ ಮತ್ತು ರೋಜರ್ ಸ್ಮಿತ್ ಇಬ್ಬರೂ ಖಜಾಂಚಿ ಹುದ್ದೆಯನ್ನು ದಾಟಿ ಕ್ರಮವಾಗಿ 1974 ಮತ್ತು 1981ರಲ್ಲಿ ಅದೇ ಸ್ಥಾನಕ್ಕೇರಿದರು.

1971ರಲ್ಲಿ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಡಿದು, 1973ರ ಹೊತ್ತಿಗೆ ಪ್ರಮುಖ ಕರೆನ್ಸಿಗಳ ದರ ಮಾರುಕಟ್ಟೆಯ ಪಾಲಾಯಿತು. ವಿನಿಮಯ ದರದ ಅಪಾಯ ನಿಭಾಯಿಸುವುದು ಖಜಾನೆಯ ಮುಖ್ಯ ಕೆಲಸಗಳಲ್ಲೊಂದಾಯಿತು. ಈ ಕೆಲಸ ಪ್ರತ್ಯೇಕ ವೃತ್ತಿಯಾಗಿ ಬೆಳೆದು, 1979ರಲ್ಲಿ ಬ್ರಿಟನ್ನಿನಲ್ಲಿ ಕಾರ್ಪೊರೇಟ್ ಖಜಾಂಚಿಗಳ ಸಂಘವೇ ಹುಟ್ಟಿತು. ಜನರಲ್ ಮೋಟರ್ಸ್‌ನಲ್ಲೂ ಗುಮಾಸ್ತರು ಮೇಲೇರುತ್ತಿದ್ದ ಹಾದಿಗೆ ಎಂಬಿಎ ಪದವೀಧರರು ಬಂದರು. ರಿಕ್ ವ್ಯಾಗನರ್ 1977ರಲ್ಲಿ ಹಾರ್ವರ್ಡ್‌ನಿಂದ ನೇರವಾಗಿ ನ್ಯೂಯಾರ್ಕ್ ಕಚೇರಿಗೆ ವಿಶ್ಲೇಷಕರಾಗಿ ಸೇರಿದರು. ಬ್ರೆಜಿಲ್ ಘಟಕದ ಖಜಾಂಚಿಯಾಗಿ, 1992ರಲ್ಲಿ ಮುಖ್ಯ ಹಣಕಾಸು ಅಧಿಕಾರಿಯಾಗಿ, 2000ದಲ್ಲಿ ಸಿಇಒ ಆದರು.

ಟೀಕೆ ಮತ್ತು ಬದಲಾವಣೆ

ಲೆಕ್ಕ ಬಲ್ಲವರು ಕಾರು ಬಲ್ಲವರನ್ನು ಹಿಂದಿಕ್ಕಿದರೆಂಬ ಟೀಕೆ ಕಂಪನಿಯ ಒಳಗೂ ಹೊರಗೂ ಇತ್ತು. 2009ರ ಮಾರ್ಚ್‌ನಲ್ಲಿ, ಕಂಪನಿಗೆ ಸಾಲ ಕೊಟ್ಟಿದ್ದ ಸರ್ಕಾರದ ಒತ್ತಾಯಕ್ಕೆ ಮಣಿದು ವ್ಯಾಗನರ್ ರಾಜೀನಾಮೆ ನೀಡಿದರು. ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. 2010ರಲ್ಲಿ ಖಜಾಂಚಿಯಾದ ಡ್ಯಾನ್ ಅಮ್ಮನ್ ಹೂಡಿಕೆ ಬ್ಯಾಂಕಿನಿಂದ ಬಂದವರು. ಮರುವರ್ಷವೇ ಮುಖ್ಯ ಹಣಕಾಸು ಅಧಿಕಾರಿಯಾದರು. 2014ರಲ್ಲಿ ಅವರು ಅಧ್ಯಕ್ಷರಾದಾಗ ಸಿಇಒ ಹುದ್ದೆ ಎಂಜಿನಿಯರ್ ಮೇರಿ ಬಾರಾ ಅವರಿಗೆ ಹೋಯಿತು. ಚೆನ್ನೈ ಮೂಲದ ದಿವ್ಯಾ ಸೂರ್ಯದೇವರ 2018ರಲ್ಲಿ ಕಂಪನಿಯ ಮೊದಲ ಮಹಿಳಾ ಮುಖ್ಯ ಹಣಕಾಸು ಅಧಿಕಾರಿಯಾದರು.