ಕಿವಿಯಿಂದ ಅಳತೆಗೆ: ಮನೆ ಗ್ಯಾರೇಜಿನ ರೇಸ್ ಕಾರು ನಡೆದುಬಂದ ದಾರಿ

ಬೆಂಗಳೂರಿನಲ್ಲಿ ಒಪ್ಪವಾಗಿ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ ಚೆನ್ನೈಗೆ ಇಳಿದರೆ ಎಡವುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಡಲ ದಂಡೆಯ ಗಾಳಿಗಿಂತ ಹೆಚ್ಚುಕಡಿಮೆ ಶೇ. 10ರಷ್ಟು ತೆಳು. ಘಟ್ಟ ಇಳಿದ ಎಂಜಿನ್ನಿಗೆ ದಟ್ಟ ಗಾಳಿ ಸಿಗುತ್ತದೆ, ಆದರೆ ಪೆಟ್ರೋಲು ಹರಿಯುವ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಮಿಶ್ರಣ ‘ಲೀನ್’ ಆಗುತ್ತದೆ. ನೇರ ಹಾದಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದರೆ ಪಿಸ್ಟನ್ನಿನ ತಲೆ ಕರಗಿ ತೂತು ಬೀಳುವ ಅಪಾಯವೂ ಇದೆ. ಅದಕ್ಕೇ ಕಾರ್ಬ್ಯುರೇಟರ್ ಕಾಲದಲ್ಲಿ ಇಲ್ಲಿಂದ ರೇಸಿಗೆ ಹೊರಟವರ ಸಾಮಾನಿನಲ್ಲಿ ಬೇರೆ ಬೇರೆ ಅಳತೆಯ ಜೆಟ್ಟುಗಳ ಪುಟ್ಟ ಡಬ್ಬಿಯೊಂದು ಇರಲೇಬೇಕಿತ್ತು.

ಕಾರನ್ನು ಗ್ಯಾರೇಜಿನಲ್ಲಿ ಕಟ್ಟಬಹುದು. ಕಟ್ಟಿದ್ದು ಸರಿಯೇ ಎಂದು ಹೇಳಬೇಕಾದದ್ದು ಟ್ರ್ಯಾಕು. ಸುಮಾರು ತೊಂಬತ್ತು ವರ್ಷಗಳಲ್ಲಿ ಮನೆಯಲ್ಲಿ ಮಾರ್ಪಡಿಸಿದ ಕಾರುಗಳಿಗೆ ವೇಗ ಬಂದದ್ದು ದೊಡ್ಡ ಎಂಜಿನ್ನಿನಿಂದ ಮಾತ್ರ ಎಂದುಕೊಂಡರೆ ಅರ್ಧ ಕಥೆ ಕೈಬಿಟ್ಟಂತೆ. ಟ್ರ್ಯಾಕು ಹೇಳುವುದನ್ನು ಕೇಳಿಸಿಕೊಳ್ಳುವ ಉಪಕರಣ ಮತ್ತು ಶಿಸ್ತು ಬೆಳೆದದ್ದೇ ಉಳಿದರ್ಧ. ಆ ಉಳಿದರ್ಧವನ್ನು ಹಿಂಬಾಲಿಸುವುದು ಈ ಲೇಖನದ ಉದ್ದೇಶ.

ಒಣ ಕೆರೆ, ಪಾಳು ರನ್‌ವೇ

1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಬಾನೆಟ್ಟು ಬಿಚ್ಚಿ ಹಗುರ ಮಾಡಿ ಮ್ಯೂರಾಕ್ ಎಂಬ ಒಣ ಸರೋವರದ ತಳಕ್ಕೆ ತರುತ್ತಿದ್ದರು. ಅಲ್ಲಿ ತಿರುವಿಲ್ಲ, ತಡೆಯಿಲ್ಲ; ಗಟ್ಟಿ ಮಣ್ಣಿನ ಬಯಲು ಮಾತ್ರ. 1937ರಲ್ಲಿ ಹುಟ್ಟಿದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಶನ್ ಈ ಓಟಗಳಿಗೆ ಕ್ರಮ ತಂದಿತು. ಆ ಸಂಸ್ಥೆಯ ಹೆಸರಿನಲ್ಲೇ ‘ಟೈಮಿಂಗ್’ ಇರುವುದನ್ನು ಗಮನಿಸಬೇಕು. ನನ್ನ ಗಾಡಿ ನಿನ್ನದಕ್ಕಿಂತ ಜೋರು ಎಂಬ ಕಟ್ಟೆಯ ಜಗಳವನ್ನು ಗಡಿಯಾರದ ಮುಂದೆ ತಂದು ನಿಲ್ಲಿಸಿದ್ದೇ ಈ ಕ್ಷೇತ್ರದ ಮೊದಲ ಹೆಜ್ಜೆ.

ಬ್ರಿಟನ್ನಿನಲ್ಲಿ ದಾರಿ ಬೇರೆಯಾಗಿತ್ತು. ಮಹಾಯುದ್ಧ ಮುಗಿದಾಗ ಊರೂರಿಗೆ ಬಾಂಬರ್ ವಿಮಾನಗಳ ಪಾಳು ರನ್‌ವೇಗಳು ಉಳಿದಿದ್ದವು. 1948ರಲ್ಲಿ ಗ್ರ್ಯಾನ್ ಪ್ರಿ ನಡೆದ ಸಿಲ್ವರ್‌ಸ್ಟೋನ್ ಅಂಥದ್ದೇ ಒಂದು. ಅದಕ್ಕೂ ಮೊದಲೇ, 1939ರಲ್ಲಿ, ಆಸ್ಟಿನ್ ಸೆವೆನ್ ಎಂಬ 747 ಸಿಸಿಯ ಬಡವರ ಕಾರನ್ನು ನೆಚ್ಚಿಕೊಂಡವರು 750 ಮೋಟರ್ ಕ್ಲಬ್ ಕಟ್ಟಿದ್ದರು. ಲಂಡನ್ನಿನ ಎಂಜಿನಿಯರಿಂಗ್ ವಿದ್ಯಾರ್ಥಿ ಕಾಲಿನ್ ಚಾಪ್ಮನ್ 1948ರಲ್ಲಿ ತನ್ನ ಗೆಳತಿಯ ಮನೆಯ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ಮತ್ತೆ ಕಟ್ಟಿದ. ಅದೇ ಮೊದಲ ಲೋಟಸ್.

ಚಾಪ್ಮನ್‌ನ 1951ರ ಕಾರಿನ ಒಂದು ಉಪಾಯವನ್ನು ಹತ್ತಿರದಿಂದ ನೋಡಬೇಕು. ಆಸ್ಟಿನ್ ಸೆವೆನ್ನಿಗೆ ನಾಲ್ಕು ಸಿಲಿಂಡರ್, ಆದರೆ ಗಾಳಿ ಒಳಬರುವ ಬಾಗಿಲು ಎರಡೇ. ಒಂದು ಬಾಗಿಲಿಗೆ ಎರಡು ಮನೆಯವರಿದ್ದಂತೆ; ಒಂದು ಸಿಲಿಂಡರಿನ ಪಾಲನ್ನು ಪಕ್ಕದ್ದು ಕಸಿಯುತ್ತಿತ್ತು. ಚಾಪ್ಮನ್ ಆ ದಾರಿಯ ನಡುವೆ ತಗಡಿನ ಗೋಡೆ ಎಬ್ಬಿಸಿ ಪ್ರತಿ ಸಿಲಿಂಡರಿಗೂ ಬೇರೆ ದಾರಿ ಮಾಡಿಕೊಟ್ಟ. ಕಾರು ಎದುರಾಳಿಗಳನ್ನು ಎಷ್ಟು ಹಿಂದಿಕ್ಕಿತೆಂದರೆ ಮುಂದೆ ಆ ಉಪಾಯವನ್ನು ನಿಯಮದಲ್ಲೇ ನಿಷೇಧಿಸಿದರು. ಅದಕ್ಕೆ ತಗಲಿದ ಲೋಹ ಅಂಗೈಯಗಲ, ತಗಲಿದ ಯೋಚನೆ ಬೆಟ್ಟದಷ್ಟು. 1946ರಲ್ಲಿ ಕೂಪರ್ ತಂದೆ-ಮಗ ಮಾಡಿದ್ದೂ ಇಂಥದ್ದೇ ಕೆಲಸ. ಎರಡು ಫಿಯೆಟ್ ಟೊಪೊಲಿನೊಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಮೋಟರ್‌ಸೈಕಲ್ಲಿನ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸಿದರು. ಚೈನಿನಿಂದ ಹಿಂದಿನ ಚಕ್ರ ತಿರುಗಿಸಲು ಅದೇ ಸುಲಭವಿತ್ತು. ಹೀಗೆ ಅನುಕೂಲಕ್ಕೆಂದು ಹಿಡಿದ ದಾರಿ 1959 ಮತ್ತು 1960ರಲ್ಲಿ ಕೂಪರ್ ಕಾರಿನ ಚಾಲಕ ಜ್ಯಾಕ್ ಬ್ರಬಾಮ್‌ಗೆ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟಿತು.

ಆ ಪೀಳಿಗೆಯ ಉಪಕರಣಗಳು ಮೂರು: ಸ್ಟಾಪ್‌ವಾಚ್, ಕಿವಿ, ಸ್ಪಾರ್ಕ್ ಪ್ಲಗ್. ಪೂರ್ತಿ ವೇಗದಲ್ಲಿ ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಗಾಡಿಯನ್ನು ಜಾರಿಸಿಕೊಂಡು ಬಂದು ಪ್ಲಗ್ ಬಿಚ್ಚುವುದು ರೂಢಿ. ತುದಿ ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗೆ ಸುಟ್ಟಿದ್ದರೆ ಕಡಿಮೆ, ತಿಳಿ ಕಂದು ಬಣ್ಣವಾದರೆ ಹದ. ನಾಡಿ ನೋಡುವ ವೈದ್ಯರ ಹಾಗೆ ಪ್ಲಗ್ ನೋಡಿ ಎಂಜಿನ್ನಿನ ಒಳಗನ್ನು ಹೇಳುವ ಮೆಕ್ಯಾನಿಕ್ಕುಗಳು ನಮ್ಮಲ್ಲೂ ಇದ್ದರು.

ಶೋಲಾವರಂ ಶಾಲೆ

ನಮ್ಮಲ್ಲಿ ಈ ವಿದ್ಯೆ ಬೆಳೆದದ್ದೂ ಯುದ್ಧಕಾಲದ ರನ್‌ವೇ ಮೇಲೆಯೇ. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ರೇಸು ನಡೆಸುತ್ತಿತ್ತು. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಾಗುವಷ್ಟರಲ್ಲಿ ಅಲ್ಲಿರುವುದು ಇಲ್ಲಿನ ಉತ್ಸಾಹಿಗಳಿಗೆ ಜಾತ್ರೆಯ ಸಂಭ್ರಮ.

ಆಗ ಸಿಗುತ್ತಿದ್ದ ಕಾರುಗಳು ಫಿಯೆಟ್, ಹೆರಾಲ್ಡ್, ಅಂಬಾಸಿಡರ್. ಹೊರದೇಶದ ಬಿಡಿಭಾಗ ತರಿಸುವುದು ಕನಸಿನ ಮಾತು. ಹಾಗಾಗಿ ಭಾರತದ ಟ್ಯೂನಿಂಗ್ ಹುಟ್ಟಿದ್ದೇ ಲೇತಿನ ಮೇಲೆ. ಸಿಲಿಂಡರ್ ಹೆಡ್ಡಿನ ತಳ ಹೆರೆದು ಕಂಪ್ರೆಷನ್ ಏರಿಸುವುದು, ಪೋರ್ಟುಗಳ ಒಳಗೋಡೆ ಅರ ಹಾಕಿ ನುಣುಪು ಮಾಡುವುದು, ಕ್ಯಾಮ್‌ಶಾಫ್ಟಿನ ಉಬ್ಬನ್ನು ಮತ್ತೆ ಅರೆಯುವುದು – ಎಲ್ಲವೂ ಕೈಕೆಲಸ. 1953ರಲ್ಲಿ ಎಚ್‌ಎಂಟಿ ಬಂದ ಮೇಲೆ ಯಂತ್ರಗೆಲಸ ಬಲ್ಲ ಕೈಗಳಿಗೆ ಬೆಂಗಳೂರಿನಲ್ಲಿ ಬರವಿರಲಿಲ್ಲ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇತ್ತು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ ಹೊರತಂದ ಡಾಲ್ಫಿನ್ ಸಂಸಾರದ ಕಾರಾಗಿ ಹೆಚ್ಚು ಕಾಲ ಬಾಳಲಿಲ್ಲ. ಆದರೆ 848 ಸಿಸಿಯ, ಫೈಬರ್‌ಗ್ಲಾಸ್ ಮೈಯ ಆ ಹಗುರ ಗಾಡಿಯನ್ನು ರ‍್ಯಾಲಿ ಮತ್ತು ರೇಸಿನವರು ಎದೆಗೊತ್ತಿಕೊಂಡರು. ವಿಜಯ್ ಮಲ್ಯ ಎನ್ಸೈನ್ ಫಾರ್ಮುಲಾ ಒನ್ ಕಾರನ್ನೇ ಶೋಲಾವರಂಗೆ ತಂದು ಓಡಿಸಿದ್ದೂ ಆ ದಶಕದಲ್ಲೇ. ಒಂದೇ ಕಾಂಕ್ರೀಟ್ ಹಾಸಿನ ಮೇಲೆ ಯುರೋಪಿನ ಕಾರ್ಖಾನೆ ಮತ್ತು ನಮ್ಮ ಹಿತ್ತಲಿನ ಗ್ಯಾರೇಜು ಅಕ್ಕಪಕ್ಕ ನಿಂತಿದ್ದವು.

ಶಕ್ತಿ ಹೆಚ್ಚಿಸುವುದು ಆ ಪೀಳಿಗೆಗೆ ಗೊತ್ತಿತ್ತು. ತಿರುವಿನಲ್ಲಿ ಆಗುವುದನ್ನು ಅಳೆಯುವ ದಾರಿ ಮಾತ್ರ ಇರಲಿಲ್ಲ. ಹೆರಾಲ್ಡಿನ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ ಮೇಲೆ ಕೂತಿದ್ದವು. ಜೋರಾಗಿ ತಿರುಗುವಾಗ ಹಿಂಭಾಗ ಮೇಲೆದ್ದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತಿತ್ತು, ಗಾಡಿ ತಟ್ಟನೆ ಗಿರಕಿ ಹೊಡೆಯುತ್ತಿತ್ತು. ಇದನ್ನು ಚಾಲಕನ ಸೊಂಟವೇ ತಿಳಿದು ಹೇಳಬೇಕಿತ್ತು.

ಥರ್ಮಾಮೀಟರ್ ಹಿಡಿದವರು

ಈ ಕೊರತೆ ತುಂಬುವ ಕೆಲಸ 1960ರ ದಶಕದ ಅಮೆರಿಕದಲ್ಲಿ ನಡೆಯಿತು. ಟೆಕ್ಸಸ್‌ನ ಮಿಡ್‌ಲ್ಯಾಂಡಿನಲ್ಲಿ ಜಿಮ್ ಹಾಲ್ ತನ್ನ ಕಾರ್ಯಾಗಾರದ ಪಕ್ಕದಲ್ಲೇ ‘ರ‍್ಯಾಟಲ್‌ಸ್ನೇಕ್ ರೇಸ್‌ವೇ’ ಎಂಬ ಸ್ವಂತ ಟ್ರ್ಯಾಕ್ ಇಟ್ಟುಕೊಂಡಿದ್ದ. ಬೆಳಗ್ಗೆ ಬೆಸುಗೆ ಹಾಕಿದ್ದನ್ನು ಮಧ್ಯಾಹ್ನ ಪರೀಕ್ಷಿಸುವ ಆ ಅನುಕೂಲದಿಂದಲೇ 1966ರ ಚಾಪರಲ್ ಕಾರಿನ ಎತ್ತರದ ರೆಕ್ಕೆ ಹುಟ್ಟಿತು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ್ದ ಮಾರ್ಕ್ ಡಾನಹ್ಯೂ ಇದೇ ಕೆಲಸವನ್ನು ವೃತ್ತದಲ್ಲಿ ಮಾಡಿದ. ಬಯಲಿನಲ್ಲಿ ದೊಡ್ಡ ವೃತ್ತ ಬರೆದು ಕಾರನ್ನು ಅದರ ಮೇಲೆ ಸುತ್ತಿಸುವುದು, ಒಂದು ಭಾಗ ಬದಲಿಸುವುದು, ಮತ್ತೆ ಸುತ್ತಿಸುವುದು.

ಈ ಪರೀಕ್ಷೆಗೆ ಸೀಮೆಸುಣ್ಣ ಮತ್ತು ಸ್ಟಾಪ್‌ವಾಚ್ ಸಾಕು. ಮೂವತ್ತು ಮೀಟರ್ ತ್ರಿಜ್ಯದ ವೃತ್ತವನ್ನು ಕಾರು 13 ಸೆಕೆಂಡಿನಲ್ಲಿ ಸುತ್ತಿದರೆ ಅದರ ಪಕ್ಕದ ಹಿಡಿತ ಸುಮಾರು 0.71 ಜಿ. ಹನ್ನೆರಡೂವರೆ ಸೆಕೆಂಡಿಗೆ ಇಳಿದರೆ 0.77 ಜಿ. ಅರ್ಧ ಸೆಕೆಂಡಿನ ವ್ಯತ್ಯಾಸ ಶೇ. 8ರಷ್ಟು ಹೆಚ್ಚು ಹಿಡಿತವನ್ನು ಹೇಳುತ್ತದೆ.

ಇದೇ ಕಾಲದ ಇನ್ನೊಂದು ಸಾಧನ ಟೈರಿನ ಶಾಖ ಅಳೆಯುವ ಪೈರೋಮೀಟರ್. ಕಾರು ಪಿಟ್‌ಗೆ ಬಂದು ನಿಂತ ಕ್ಷಣವೇ ಒಬ್ಬರು ಮಂಡಿಯೂರಿ ಸೂಜಿಯನ್ನು ರಬ್ಬರಿಗೆ ಚುಚ್ಚುತ್ತಾರೆ, ಒಳ ಅಂಚು, ನಡು, ಹೊರ ಅಂಚು ಎಂದು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. 70, 78, 91 ಎಂದು ಬಂತೆನ್ನಿ. ಹೊರ ಅಂಚು ಕುದಿಯುತ್ತಿದೆ, ಒಳ ಅಂಚು ಕೆಲಸವನ್ನೇ ಮಾಡುತ್ತಿಲ್ಲ. ಚಕ್ರದ ತಲೆಯನ್ನು ಇನ್ನಷ್ಟು ಒಳಕ್ಕೆ ವಾಲಿಸಬೇಕು, ಅಂದರೆ ನೆಗೆಟಿವ್ ಕ್ಯಾಂಬರ್ ಹೆಚ್ಚಿಸಬೇಕು. ಅಂಚುಗಳೆರಡೂ ತಣ್ಣಗಿದ್ದು ನಡು ಮಾತ್ರ ಬಿಸಿಯಾದರೆ ಗಾಳಿ ಜಾಸ್ತಿಯಾಗಿದೆ. ನಿಧಾನಕ್ಕೆ ಪಿಟ್‌ಗೆ ಬಂದರೆ ಟೈರು ಆರಿ ಅಂಕಿಗಳು ಸುಳ್ಳು ಹೇಳುತ್ತವೆ, ಅದಕ್ಕೇ ಈ ಅವಸರ.

ಕ್ಯಾರಲ್ ಸ್ಮಿತ್ ಬರೆದ 1975ರ ‘ಪ್ರಿಪೇರ್ ಟು ವಿನ್’ ಮತ್ತು 1978ರ ‘ಟ್ಯೂನ್ ಟು ವಿನ್’ ಈ ವೃತ್ತಿರಹಸ್ಯಗಳನ್ನು ಹವ್ಯಾಸಿಗಳ ಕೈಗಿಟ್ಟವು. ಗುರುವಿನ ಬಳಿ ವರ್ಷಗಟ್ಟಲೆ ಚಾಕರಿ ಮಾಡಿ ಕಲಿಯಬೇಕಿದ್ದುದು ಪುಸ್ತಕದಲ್ಲಿ ಸಿಕ್ಕಿತು. 1995ರಲ್ಲಿ ಮಿಲಿಕನ್ ತಂದೆ-ಮಗನ ‘ರೇಸ್ ಕಾರ್ ವೆಹಿಕಲ್ ಡೈನಮಿಕ್ಸ್’ ಅದಕ್ಕೆ ಗಣಿತದ ಅಡಿಪಾಯ ಹಾಕಿತು.

ಮಾರುತಿ ಮತ್ತು ಕರಿವರ್ಧನ್

ಭಾರತದಲ್ಲಿ ಎಲ್ಲವನ್ನೂ ಬದಲಿಸಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಹಗುರವಾಗಿತ್ತು, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತಿತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ ಆ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಚಾಲಕನ ಹಿಂದಿಟ್ಟು ಒಂಟಿ ಸೀಟಿನ ‘ಫಾರ್ಮುಲಾ ಮಾರುತಿ’ ಕಟ್ಟಿದರು. ಕಾರುಗಳೆಲ್ಲ ಒಂದೇ ಬಗೆ, ಖರ್ಚು ಕೈಗೆಟಕುವಷ್ಟು. ಮುಂದೆ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ರೇಸಿನ ಓನಾಮ ಕಲಿತದ್ದು ಇದರಲ್ಲೇ.

1990ರಲ್ಲಿ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈನಲ್ಲಿ ಕಾಯಂ ಟ್ರ್ಯಾಕ್ ತೆರೆಯಿತು. ಅದರ ಪೂರ್ಣ ಸುತ್ತು ಸುಮಾರು 3.7 ಕಿ.ಮೀ. ಇದರ ಬೆಲೆ ಅಳತೆ ಬಲ್ಲವರಿಗೆ ಗೊತ್ತು. ಅದೇ ತಿರುವು ವರ್ಷವರ್ಷವೂ ಅಲ್ಲೇ ಇದ್ದರೆ ಮಾತ್ರ ಹೋದ ವರ್ಷದ ನೋಟ್‌ಬುಕ್ಕಿಗೆ ಅರ್ಥ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಕೊಯಮತ್ತೂರಿನ ಬಳಿ ತೆರೆದ 2.1 ಕಿ.ಮೀ. ಟ್ರ್ಯಾಕು ‘ಕರಿ ಮೋಟರ್ ಸ್ಪೀಡ್‌ವೇ’ ಎಂದು ಅವರ ಹೆಸರನ್ನೇ ಹೊತ್ತಿದೆ.

ಟ್ರ್ಯಾಕು ಕಾಯಂ ಆದಾಗ ಮಾರ್ಪಡಿಸಿದ ಮಾರುತಿಗಳ ನಿಜವಾದ ದೌರ್ಬಲ್ಯವೂ ಬಯಲಾಯಿತು. ಅದು ಬ್ರೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನ ಹಾಗೆ ಕೆಳಗಿಳಿಯುತ್ತದೆ. ಊರ ರಸ್ತೆಯಲ್ಲಿ ಎಂದೂ ಕಾಣದ ಈ ದೋಷ ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಹೊರಬೀಳಬಹುದು. ಎಂಜಿನ್ನಿಗೆ ಸಾವಿರಗಟ್ಟಲೆ ಸುರಿದವರು ಒಂದು ಡಬ್ಬಿ ಹೊಸ ಎಣ್ಣೆಯನ್ನು ಮರೆಯುವುದಕ್ಕಿಂತ ದೊಡ್ಡ ತಪ್ಪು ಈ ವಿದ್ಯೆಯಲ್ಲಿ ಇಲ್ಲ.

ಅಂಕಿಗಳ ಮಳೆ

ಹೊಸ ಶತಮಾನದಲ್ಲಿ ಅಳತೆ ಅಗ್ಗವಾಯಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಡ್ಯಾಶ್‌ಬೋರ್ಡಿನ ಪುಟ್ಟ ಪೆಟ್ಟಿಗೆಯೊಂದು ಪ್ರತಿ ಸುತ್ತಿನ ಸಮಯವನ್ನೂ ಪ್ರತಿ ತಿರುವಿನ ವೇಗವನ್ನೂ ದಾಖಲಿಸುವುದು ಅದರಿಂದ ಸಾಧ್ಯವಾಯಿತು. 2001ರಲ್ಲಿ ಬಂದ ಮೆಗಾಸ್ಕ್ವರ್ಟ್ ಎಂಬ ಎಂಜಿನ್ ಕಂಪ್ಯೂಟರನ್ನು ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಬಹುದಿತ್ತು. ಹೊಗೆಯ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಪ್ಲಗ್ಗಿನ ಬಣ್ಣದ ಜಾಗಕ್ಕೆ ಅಂಕಿ ತಂದಿತು. ಜೆಟ್ ಡಬ್ಬಿಯ ಜಾಗಕ್ಕೆ ಲ್ಯಾಪ್‌ಟಾಪ್ ಬಂತು.

ಆದರೆ ಅಂಕಿ ಹೆಚ್ಚಿದಷ್ಟೂ ಮೋಸಹೋಗುವ ದಾರಿಗಳೂ ಹೆಚ್ಚುತ್ತವೆ. ಚೆನ್ನೈನಲ್ಲಿ ಬೆಳಗ್ಗೆ 25 ಡಿಗ್ರಿ ಇದ್ದದ್ದು ಮಧ್ಯಾಹ್ನ 35 ಆದರೆ ಗಾಳಿ ಶೇ. 3ರಷ್ಟು ತೆಳುವಾಗುತ್ತದೆ, ಎಂಜಿನ್ನಿನ ಶಕ್ತಿಯೂ ಅದರೊಂದಿಗೆ ಇಳಿಯುತ್ತದೆ. ಬೆಳಗ್ಗೆ ಹಳೆಯ ಸ್ಪ್ರಿಂಗ್, ಮಧ್ಯಾಹ್ನ ಹೊಸ ಸ್ಪ್ರಿಂಗ್ ಹಾಕಿ ಓಡಿಸಿದವರು ಹೊಸದೇ ಕೆಟ್ಟದ್ದು ಎಂದು ತೀರ್ಮಾನಿಸಿ ಮನೆಗೆ ಮರಳಬಹುದು. ಇದಕ್ಕೆ ಮದ್ದು ಹಳೆಯದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಹಳೆಯದು, ಹೊಸದು, ಮತ್ತೆ ಹಳೆಯದು ಎಂಬ ಕ್ರಮ. ಮೂರನೆಯ ಓಟದ ಸಮಯ ಮೊದಲನೆಯದಕ್ಕೆ ಹೊಂದಿದರೆ ಮಾತ್ರ ನಡುವಿನ ಓಟವನ್ನು ನಂಬಬೇಕು. ಬಿಸಿಲಿನಲ್ಲಿ ಬೆವರು ಸುರಿಸುತ್ತ, ಈಗಷ್ಟೇ ಬಿಚ್ಚಿಟ್ಟ ಸ್ಪ್ರಿಂಗನ್ನೇ ಮತ್ತೆ ಜೋಡಿಸಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಿಕೊಂಡವರ ಕಾರು ಮಾತ್ರ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತದೆ.

ಮುಂದಿನ ತಿರುವು

ಈ ಶಿಸ್ತು ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇರು ಬಿಟ್ಟಿದೆ. ಅಮೆರಿಕದಲ್ಲಿ 1981ರಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಸ್ಪರ್ಧೆ ವಿದ್ಯಾರ್ಥಿಗಳಿಂದಲೇ ಕಾರು ಕಟ್ಟಿಸುತ್ತದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ತಂಡ ಹೊರದೇಶಗಳಲ್ಲೂ ಸ್ಪರ್ಧಿಸಿದೆ. ಅಲ್ಲಿ ಓಡಿ ಗೆದ್ದರೆ ಸಾಲದು. ಈ ಭಾಗವನ್ನು ಹೀಗೇಕೆ ಮಾಡಿದಿರಿ ಎಂದು ತೀರ್ಪುಗಾರರು ಕೇಳುತ್ತಾರೆ, ಅಳತೆಯ ದಾಖಲೆಯೊಂದಿಗೆ ಉತ್ತರಿಸಬೇಕು.

ಕಾಲೇಜಿನ ಹೊರಗಿನ ಹುಡುಗರ ಗತಿಯೇನು? ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಬದಲಿಸಿದ ವಾಹನಕ್ಕೆ ರಸ್ತೆಯಲ್ಲಿ ಎಡೆ ಕೊಡುವುದಿಲ್ಲ. ಅದು ನ್ಯಾಯವೇ, ರಸ್ತೆ ಎಲ್ಲರದು. ಆದರೆ ಬೆಂಗಳೂರಿನಿಂದ ಚೆನ್ನೈಗೋ ಕೊಯಮತ್ತೂರಿಗೋ ಕಾರನ್ನು ಲಾರಿಯಲ್ಲಿ ಹೊತ್ತೊಯ್ಯುವ ಖರ್ಚು ಭರಿಸಲಾರದ ಹುಡುಗರು ನಡುರಾತ್ರಿ ಹೊರವರ್ತುಲ ರಸ್ತೆಗೆ ಇಳಿದರೆ ಬರಿಯ ದಂಡದಿಂದ ಅವರನ್ನು ತಡೆಯಲಾಗದು. ಮ್ಯೂರಾಕ್, ಸಿಲ್ವರ್‌ಸ್ಟೋನ್, ಶೋಲಾವರಂ ಮೂರಕ್ಕೂ ಆರಂಭದಲ್ಲಿ ಬೇಕಾಗಿದ್ದದ್ದು ಗಟ್ಟಿ ನೆಲ, ಕಟ್ಟುನಿಟ್ಟಿನ ಕ್ಲಬ್ಬು, ಒಂದು ಗಡಿಯಾರ. ನಮ್ಮ ರಾಜ್ಯದಲ್ಲಿ ತಿಂಗಳಿಗೊಂದು ದಿನ, ಆಂಬುಲೆನ್ಸ್ ಮತ್ತು ಅಗ್ನಿಶಾಮಕರ ಕಾವಲಿನಲ್ಲಿ ಅಷ್ಟನ್ನು ಒದಗಿಸುವುದು ಕಷ್ಟದ ಮಾತಲ್ಲ. ಅಂಥ ಬಯಲು ಸಿಕ್ಕ ದಿನ ಅಲ್ಲಿಗೆ ಬರುವ ಹುಡುಗರ ಕೈಯಲ್ಲಿ ಸ್ಪ್ಯಾನರಿನ ಜೊತೆಗೆ ನೋಟ್‌ಬುಕ್ಕೂ ಇರಲಿ, ಮೊದಲ ಪುಟದಲ್ಲಿ ಅಂದಿನ ಗಾಳಿಯ ಶಾಖ ಬರೆದಿರಲಿ.