ಯೆರೂಸಲೇಮಿನ ಕಲ್ಲುಗಳೂ ಸಭೆಯ ಸ್ಮರಣೆಯೂ

ಕ್ರಿ.ಶ. 380ರ ಆಸುಪಾಸಿನಲ್ಲಿ ಕಪ್ಪದೋಕ್ಯ ಸೀಮೆಯ ನಿಸ್ಸ ಪಟ್ಟಣದ ಬಿಷಪ್ ಗ್ರೆಗೊರಿಯು ಸಭಾಕಾರ್ಯದ ನಿಮಿತ್ತ ಯೆರೂಸಲೇಮಿಗೆ ಹೋಗಿ ಬಂದನು. ಆ ಬಳಿಕ ಬರೆದ ಪತ್ರವೊಂದರಲ್ಲಿ ಅವನು, ಸ್ಥಳ ಬದಲಾದ ಮಾತ್ರಕ್ಕೆ ದೇವರು ಮನುಷ್ಯನಿಗೆ ಹತ್ತಿರವಾಗುವುದಿಲ್ಲವೆಂದೂ, ಕರ್ತನು ಕನ್ನಿಕೆಯಲ್ಲಿ ಹುಟ್ಟಿ ಪುನರುತ್ಥಾನ ಹೊಂದಿದನೆಂಬುದನ್ನು ತಾನು ಆ ಸ್ಥಳಗಳನ್ನು ನೋಡುವ ಮೊದಲೇ ನಂಬಿದ್ದೆನೆಂದೂ ಹೇಳುತ್ತಾನೆ. ಪವಿತ್ರವೆನಿಸಿಕೊಂಡ ಆ ನಗರದಲ್ಲಿ ಪಾಪಕೃತ್ಯಗಳೇನೂ ಕಡಿಮೆಯಿರಲಿಲ್ಲವೆಂಬುದನ್ನೂ ಅವನು ಮರೆಮಾಚುವುದಿಲ್ಲ. ಅದೇ ದಶಕದಲ್ಲಿ ಎಗೇರಿಯಾ ಎಂಬ ಸ್ತ್ರೀಯು ಪಶ್ಚಿಮದ ದೂರದೇಶದಿಂದ ಬಂದು, ಅಲ್ಲಿ ಕಂಡ ಆರಾಧನೆಯನ್ನು ತನ್ನ ಸಹೋದರಿಯರಿಗಾಗಿ ಆನಂದದಿಂದ ಬರೆದಿಟ್ಟಳು. ಪವಿತ್ರ ಸ್ಥಳವು ಸಭೆಗೆ ನಿಜವಾಗಿ ಏನನ್ನು ಕೊಡುತ್ತದೆ? ಈ ಇಬ್ಬರ ಸಾಕ್ಷ್ಯಗಳ ನಡುವೆ ನಿಂತಿರುವ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಯೆರೂಸಲೇಮಿನ ಚರಿತ್ರೆಯನ್ನು ಅವಲೋಕಿಸೋಣ.

ಯೆರೂಸಲೇಮ್ ಮೊದಲಿನಿಂದಲೂ ಇಸ್ರಾಯೇಲರ ನಗರವಾಗಿರಲಿಲ್ಲ. ದಾವೀದನು ಅದನ್ನು ಯೆಬೂಸಿಯರಿಂದ ಹಿಡಿದುಕೊಂಡನು. ಮುಂದೆ ದೇವಾಲಯವು ಎದ್ದು ನಿಂತ ನೆಲವು ಯೆಬೂಸಿಯನಾದ ಅರೌನನ ಕಣವಾಗಿತ್ತು. ದಾವೀದನು ಅದನ್ನು ಬೆಲೆ ಕೊಟ್ಟು ಕೊಂಡನೆಂದು ಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತದೆ. ಪೂರ್ವದ ಇಳಿಜಾರಿನಲ್ಲಿರುವ ಗೀಹೋನ್ ಬುಗ್ಗೆಯೇ ಈ ಬೆಟ್ಟದ ಊರಿಗೆ ಜೀವಾಧಾರವಾಗಿತ್ತು. ಅಶ್ಶೂರ್ಯರ ಮುತ್ತಿಗೆಯ ಭೀತಿಯಲ್ಲಿ ಹಿಜ್ಕೀಯನ ಕಾಲದವರು ಆ ನೀರನ್ನು ಗೋಡೆಯೊಳಕ್ಕೆ ತರಲು ಸುಮಾರು 533 ಮೀಟರ್ ಉದ್ದದ ಸುರಂಗವನ್ನು ಬಂಡೆಯಲ್ಲಿ ಕೊರೆದರು. ಎರಡು ತಂಡಗಳು ಎರಡೂ ಕಡೆಯಿಂದ ಕೊರೆಯುತ್ತ ಬಂದು ನಡುವೆ ಒಂದನ್ನೊಂದು ಸಂಧಿಸಿದ ಸಂಗತಿಯು 1880ರಲ್ಲಿ ದೊರೆತ ಸಿಲೋವದ ಶಾಸನದಲ್ಲಿದೆ. ಆದರೆ ನಗರವು ಉಳಿದುದೇ ಜನರಿಗೆ ಉರುಲಾಯಿತು. ದೇವಾಲಯವಿರುವ ತನಕ ತಮಗೆ ಕೇಡಿಲ್ಲವೆಂದು ಅವರು ನೆಚ್ಚಿಕೊಂಡರು. ಯೆರೆಮೀಯನು ದೇವಾಲಯದ ಬಾಗಿಲಲ್ಲೇ ನಿಂತು ಆ ನೆಚ್ಚಿಕೆಯನ್ನು ಸುಳ್ಳೆಂದು ಸಾರಿದನು. ಕ್ರಿ.ಪೂ. 586ರ ಹೊತ್ತಿಗೆ ಬಾಬೆಲಿನ ಸೇನೆಯು ನಗರವನ್ನೂ ದೇವಾಲಯವನ್ನೂ ಸುಟ್ಟುಹಾಕಿತು.

ಸೆರೆಯಿಂದ ಮರಳಿದವರು ಕಟ್ಟಿದ ದೇವಾಲಯವನ್ನು ಹೆರೋದನು ಮಹಾವೈಭವದಿಂದ ವಿಸ್ತರಿಸಿದನು. ಇಂದು ಯೆಹೂದ್ಯರು ಪ್ರಾರ್ಥಿಸುವ ಪಶ್ಚಿಮ ಗೋಡೆಯು ಅವನು ಕಟ್ಟಿಸಿದ ಜಗಲಿಯ ಆಧಾರಗೋಡೆಯ ಭಾಗವಾಗಿದೆ. ಕ್ರಿ.ಶ. 70ರಲ್ಲಿ ತೀತನ ನೇತೃತ್ವದ ರೋಮನ್ ಸೇನೆಯು ಆ ದೇವಾಲಯವನ್ನೂ ನಾಶಮಾಡಿತು. 135ರಲ್ಲಿ ಯೆಹೂದ್ಯರ ಎರಡನೆಯ ದಂಗೆಯು ಅಡಗಿದ ಮೇಲೆ ಚಕ್ರವರ್ತಿ ಹೇಡ್ರಿಯನನ ಆಳಿಕೆಯಲ್ಲಿ ಯೆಹೂದ್ಯರಿಗೆ ನಗರಪ್ರವೇಶವೇ ನಿಷಿದ್ಧವಾಯಿತು. ನಗರವು ಏಲಿಯಾ ಕ್ಯಾಪಿಟೊಲಿನಾ ಎಂಬ ರೋಮನ್ ವಸಾಹತಾಯಿತು. ಈ ಅವಧಿಯಲ್ಲಿಯೇ ಸುವಾರ್ತೆಯು ಅಂತಿಯೋಕ್ಯ, ಅಲೆಕ್ಸಾಂದ್ರಿಯ, ರೋಮ್ ಮೊದಲಾದ ನಗರಗಳಲ್ಲಿ ಬೇರೂರಿತು. ಯೆರೂಸಲೇಮಿನ ಮೇಲೆ ಯಾವ ಅಧಿಕಾರವೂ ಇಲ್ಲದೆಯೇ ಸಭೆಯು ಬೆಳೆಯಿತೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಕಾನ್‌ಸ್ಟಂಟೈನನ ಕಾಲದಲ್ಲಿ ಪರಿಸ್ಥಿತಿಯು ಬದಲಾಯಿತು. ಬಿಷಪ್ ಮಕಾರಿಯನ ದಿನಗಳಲ್ಲಿ, ಹೇಡ್ರಿಯನನ ಕಾಲದ ಗುಡಿಯೊಂದನ್ನು ಕೆಡವಿ ಅಗೆದಾಗ ಬಂಡೆಯಲ್ಲಿ ಕೊರೆದ ಸಮಾಧಿಯು ಕಾಣಿಸಿಕೊಂಡಿತೆಂದು ಯೂಸೇಬಿಯನು ಬರೆದಿದ್ದಾನೆ. ಅಲ್ಲಿ ಕಟ್ಟಿದ ಭವ್ಯ ಆಲಯದ ಪ್ರತಿಷ್ಠೆಯು 335ರಲ್ಲಿ ನೆರವೇರಿತು. ಗೊಲ್ಗೊಥವು ಊರ ಹೊರಗಿತ್ತೆಂದು ಓದುವ ನಮಗೆ, ಈ ಸ್ಥಳವು ಈಗ ಗೋಡೆಯೊಳಗಿರುವುದು ವಿಚಿತ್ರವಾಗಿ ತೋರಬಹುದು. ಶಿಲುಬೆಯ ಘಟನೆಯಾಗಿ ಹೆಚ್ಚು ವರ್ಷಗಳು ಕಳೆಯುವುದರೊಳಗೆ ಹೆರೋದ ಅಗ್ರಿಪ್ಪನು ಆರಂಭಿಸಿದ ಹೊಸ ಗೋಡೆಯು ಆ ಭಾಗವನ್ನು ನಗರದೊಳಕ್ಕೆ ಸೇರಿಸಿಕೊಂಡಿತು.

ಈ ಆಲಯದಲ್ಲಿಯೇ ಸಿರಿಲನು ಸುಮಾರು 350ರಲ್ಲಿ ದೀಕ್ಷಾಸ್ನಾನಾರ್ಥಿಗಳಿಗೆ ವಿಶ್ವಾಸಪ್ರಮಾಣವನ್ನು ಬೋಧಿಸಿದನು. ಇತರರು ಕೇಳುವುದನ್ನು ನೀವು ಕಣ್ಣಾರೆ ಕಾಣುತ್ತಿದ್ದೀರೆಂದು ಅವನು ಗೊಲ್ಗೊಥದ ಬಂಡೆಯ ಕಡೆಗೆ ಅವರ ಗಮನವನ್ನು ಸೆಳೆಯುತ್ತಿದ್ದನು. ಎಗೇರಿಯಾ ಬಂದಾಗ ಬೋಧನೆಯ ಈ ಪದ್ಧತಿಯು ಇಡೀ ವಾರದ ಆರಾಧನೆಯಾಗಿ ಅರಳಿತ್ತು. ಗರಿಗಳ ಭಾನುವಾರದ ಸಂಜೆ ಜನರೆಲ್ಲರೂ ಎಣ್ಣೇಮರಗಳ ಗುಡ್ಡದಿಂದ ಬಿಷಪನೊಂದಿಗೆ ಕಾಲ್ನಡಿಗೆಯಲ್ಲಿ ಇಳಿದು ಬರುತ್ತಿದ್ದರು. ನಡೆಯಲಾರದ ಎಳೆಯ ಮಕ್ಕಳನ್ನು ಹೆತ್ತವರು ಹೆಗಲ ಮೇಲೆ ಹೊತ್ತಿರುತ್ತಿದ್ದರು. ಮಕ್ಕಳ ಕೈಯಲ್ಲಿ ಖರ್ಜೂರದ ಗರಿಗಳೋ ಎಣ್ಣೇಮರದ ಕೊಂಬೆಗಳೋ ಇರುತ್ತಿದ್ದವು. ಶುಕ್ರವಾರದಂದು ಜನರು ಸಾಲಾಗಿ ಬಂದು ಶಿಲುಬೆಯ ಮರವನ್ನು ಮುದ್ದಿಡುವಾಗ ಡೀಕನರು ಸುತ್ತಲೂ ಕಾವಲು ನಿಲ್ಲುತ್ತಿದ್ದರು. ಹಿಂದೊಮ್ಮೆ ಯಾರೋ ಅದರ ಚೂರೊಂದನ್ನು ಕಚ್ಚಿ ಕದ್ದೊಯ್ದಿದ್ದರಂತೆ! ಬಿಷಪನು ಗ್ರೀಕ್ ಭಾಷೆಯಲ್ಲಿಯೇ ಬೋಧಿಸಿದರೂ, ಗ್ರೀಕ್ ತಿಳಿಯದವರಿಗಾಗಿ ಹಿರಿಯನೊಬ್ಬನು ಪಕ್ಕದಲ್ಲಿ ನಿಂತು ಸಿರಿಯಾಕ್ ಭಾಷೆಯಲ್ಲಿ ಅದನ್ನು ತಿಳಿಸುತ್ತಿದ್ದನೆಂಬ ಸಂಗತಿಯು ಜನರ ಭಾಷೆಯಲ್ಲಿ ಸೇವೆಗೈಯುವ ನಮಗೆ ವಿಶೇಷವಾಗಿ ಮನಮುಟ್ಟುತ್ತದೆ.

ಈ ಕ್ರಮಗಳು ಯೆರೂಸಲೇಮಿನಲ್ಲಿಯೇ ಉಳಿಯಲಿಲ್ಲ. ಯಾತ್ರಿಕರು ಇವುಗಳ ನೆನಪನ್ನು ತಮ್ಮ ತಮ್ಮ ನಾಡುಗಳಿಗೆ ಕೊಂಡೊಯ್ದರು. ಶತಮಾನಗಳು ಕಳೆದಂತೆ ಗರಿಗಳ ಮೆರವಣಿಗೆಯು ಲೋಕದ ಸಭೆಗಳ ಸ್ವತ್ತಾಯಿತು. ನಮ್ಮ ಕನ್ನಡ ಸಭೆಗಳಲ್ಲಿ ಮಕ್ಕಳು ಗರಿಗಳನ್ನು ಹಿಡಿದು ಹೊಸನ್ನ ಹಾಡುತ್ತ ಆಲಯವನ್ನು ಪ್ರವೇಶಿಸುವಾಗ, ನಾಲ್ಕನೆಯ ಶತಮಾನದ ಆ ಇಳಿಜಾರಿನ ದಾರಿಯೇ ಇಲ್ಲಿಯ ತನಕ ಬಂದು ಸೇರುತ್ತದೆ. ಯೆರೂಸಲೇಮ್ ಸಭೆಗೆ ಕೊಟ್ಟ ನಿಜವಾದ ಕೊಡುಗೆಯು ಇದೇ. ಅದನ್ನು ಪಡೆಯಲು ಆ ನಗರದ ಒಡೆತನವು ಯಾರಿಗೂ ಬೇಕಾಗಲಿಲ್ಲ.

ಒಡೆತನದ ಚರಿತ್ರೆಯಾದರೋ ಬೇರೆಯೇ ಆಗಿದೆ. 614ರಲ್ಲಿ ಪಾರಸಿಯರು ಆಲಯವನ್ನು ಸುಟ್ಟರು. 638ರ ಸುಮಾರಿಗೆ ಪೇಟ್ರಿಯಾರ್ಕ್ ಸೊಫ್ರೋನಿಯನು ನಗರವನ್ನು ಖಲೀಫ ಉಮರನಿಗೆ ಒಪ್ಪಿಸಿದನು. ಉಮರನು ಆಲಯದೊಳಗೆ ಪ್ರಾರ್ಥಿಸಲು ಒಪ್ಪಲಿಲ್ಲವೆಂದೂ, ತನ್ನವರು ಮುಂದೆ ಅದನ್ನೇ ನೆಪಮಾಡಿಕೊಂಡು ಆಲಯವನ್ನು ಕಸಿದುಕೊಂಡಾರೆಂಬುದೇ ಅದಕ್ಕೆ ಕಾರಣವೆಂದೂ ಹತ್ತನೆಯ ಶತಮಾನದ ಕ್ರೈಸ್ತ ಚರಿತ್ರೆಕಾರನಾದ ಯುಟಿಕಿಯನು ದಾಖಲಿಸಿದ್ದಾನೆ. ಆದರೆ 1009ರಲ್ಲಿ ಖಲೀಫ ಅಲ್-ಹಾಕಿಮನ ಆಜ್ಞೆಯಂತೆ ಆ ಆಲಯವನ್ನು ಕೆಡವಲಾಯಿತು. 1099ರ ಜುಲೈ 15ರಂದು ಶಿಲುಬೆಯ ಗುರುತನ್ನು ಧರಿಸಿದ ಕ್ರುಸೇಡಿನ ಯೋಧರು ನಗರವನ್ನು ಹಿಡಿದು, ಅಲ್ಲಿದ್ದ ಮುಸ್ಲಿಮರನ್ನೂ ಯೆಹೂದ್ಯರನ್ನೂ ಗುಂಪುಗುಂಪಾಗಿ ಕೊಂದು, ಬಳಿಕ ಕರ್ತನ ಸಮಾಧಿಯ ಮುಂದೆ ಸ್ತೋತ್ರ ಸಲ್ಲಿಸಿದರು. ತೆರವಾದ ಸಮಾಧಿಗಾಗಿ ರಕ್ತ ಹರಿಸಿದ ಈ ಅಧ್ಯಾಯವನ್ನು ನಾವು ಬೋಧಿಸುವಾಗ ಮೃದುಗೊಳಿಸಲಾಗದು. ಎಂಬತ್ತೆಂಟು ವರ್ಷಗಳಲ್ಲಿ, 1187ರಲ್ಲಿ, ಸಲಾದೀನನು ಅವರಿಂದ ನಗರವನ್ನು ಕಸಿದುಕೊಂಡನು.

ಇಂದಿನ ಯಾತ್ರಿಕನು ಕಾಣುವ ಪವಿತ್ರ ಸಮಾಧಿಯ ಆಲಯದಲ್ಲಿ ಗ್ರೀಕ್, ಲ್ಯಾಟಿನ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯನ್ ಮತ್ತು ಇಥಿಯೋಪಿಯನ್ ಸಭೆಗಳಿಗೆ ಹಕ್ಕುಗಳಿವೆ. ಯಾವ ದೀಪ, ಯಾವ ಮೆಟ್ಟಿಲು ಯಾರದೆಂಬುದು ಒಟ್ಟೋಮನ್ ಸುಲ್ತಾನರು 1757 ಮತ್ತು 1852ರಲ್ಲಿ ಹೊರಡಿಸಿದ ಫರ್ಮಾನುಗಳ ಯಥಾಸ್ಥಿತಿಯಂತೆ ನಡೆಯುತ್ತದೆ. ಹೆಬ್ಬಾಗಿಲ ಮೇಲಿನ ಕಿಟಕಿಯ ಬಳಿ ಒಂದು ಮರದ ಏಣಿಯಿದೆ. 1728ರ ಚಿತ್ರದಲ್ಲಿಯೂ ಅಂಥದೇ ಏಣಿಯು ಅದೇ ಸ್ಥಳದಲ್ಲಿದೆ. ಸಭೆಗಳೆಲ್ಲವೂ ಒಪ್ಪದೆ ಅದನ್ನು ಸರಿಸುವಂತಿಲ್ಲ. ಬಾಗಿಲಿನ ಬೀಗದ ಕೈಯನ್ನು ಕಾಯುವುದೂ ಬಾಗಿಲನ್ನು ತೆರೆಯುವುದೂ ತಲೆತಲಾಂತರದಿಂದ ಎರಡು ಮುಸ್ಲಿಮ್ ಮನೆತನಗಳ ಕೆಲಸವಾಗಿದೆ. ಇದರಲ್ಲಿ ನಮ್ಮ ನಾಚಿಕೆಯೂ ಇದೆ, ನಿರೀಕ್ಷೆಯೂ ಇದೆ. ಸಮಾಧಿಯ ಗುಡಿಯು ಶಿಥಿಲವಾಗುತ್ತಿದ್ದರೂ ದುರಸ್ತಿಯು ದಶಕಗಳ ಕಾಲ ಮುಂದೂಡಲ್ಪಟ್ಟಿತ್ತು. ಕೊನೆಗೆ ಗ್ರೀಕ್, ಲ್ಯಾಟಿನ್ ಮತ್ತು ಅರ್ಮೇನಿಯನ್ ಸಭೆಗಳು ಒಮ್ಮತಕ್ಕೆ ಬಂದು 2016-17ರಲ್ಲಿ ಆ ಕಾರ್ಯವನ್ನು ಪೂರೈಸಿದವು.

ಹಾಗಾದರೆ ಗ್ರೆಗೊರಿ ಮತ್ತು ಎಗೇರಿಯಾ, ಈ ಇಬ್ಬರಲ್ಲಿ ಸರಿ ಯಾರು? ಇಬ್ಬರ ಮಾತೂ ಸಭೆಗೆ ಬೇಕು. ದೇವರ ವಾಕ್ಯವು ಒಂದು ನಿರ್ದಿಷ್ಟ ಊರಿನಲ್ಲಿ, ಒಂದು ನಿರ್ದಿಷ್ಟ ಕಾಲದಲ್ಲಿ ಶರೀರಧಾರಿಯಾಯಿತೆಂಬುದನ್ನು ಮರೆತರೆ ನಮ್ಮ ವಿಶ್ವಾಸವು ಬರಿಯ ತತ್ವವಾಗುತ್ತದೆ. ಆ ಮರೆವಿನಿಂದ ಎಗೇರಿಯಾಳ ಕಣ್ಣುಗಳು ನಮ್ಮನ್ನು ಕಾಯುತ್ತವೆ. ಆ ಊರಿನ ಕಲ್ಲುಗಳಿಗೆ ರಕ್ಷಣೆಯ ಬಲವನ್ನು ಆರೋಪಿಸಿದರೆ ಯೆರೆಮೀಯನು ಖಂಡಿಸಿದ ಸುಳ್ಳು ನೆಚ್ಚಿಕೆಯು ಮರಳುತ್ತದೆ; ಅದರಿಂದ ಗ್ರೆಗೊರಿಯ ಎಚ್ಚರಿಕೆಯು ನಮ್ಮನ್ನು ಕಾಯುತ್ತದೆ. ಈ ನಗರವು ಯೆಹೂದ್ಯರಿಗೂ ಮುಸ್ಲಿಮರಿಗೂ ಪವಿತ್ರವಾದದ್ದೆಂಬುದನ್ನೂ, ಅಲ್ಲಿ ಅರಬ್ಬಿ ಭಾಷೆಯಲ್ಲಿ ಕರ್ತನನ್ನು ಆರಾಧಿಸುವ ಪುರಾತನ ಕ್ರೈಸ್ತ ಸಮುದಾಯವು ಇಂದಿಗೂ ಬಾಳುತ್ತಿದೆಯೆಂಬುದನ್ನೂ ವೇದಿಕೆಯಿಂದ ಮಾತಾಡುವ ನಾವು ಮರೆಯಬಾರದು. ಯೆರೂಸಲೇಮಿನ ಸಮಾಧಾನಕ್ಕಾಗಿ ಪ್ರಾರ್ಥಿಸಿರೆಂದು ಕೀರ್ತನೆಗಾರನು ನಮಗೆ ಅಪ್ಪಣೆ ಕೊಟ್ಟಿದ್ದಾನೆ. ಆ ಪ್ರಾರ್ಥನೆಯಲ್ಲಿ ಅಲ್ಲಿ ವಾಸಿಸುವವರೆಲ್ಲರೂ ಸೇರಿರಲಿ.